ರಂಜಾನ್‌ನಲ್ಲಿ ಮನೆಯಿಲ್ಲದವರಿಗೆ ಊಟ ಹಂಚಲು ನಾನೂ ಸೇರಬಹುದೇ?

ಮಂಗಳೂರಿಗೆ ಓದಲು ಬಂದಿದ್ದೇನೆ, ಮುಸ್ಲಿಂ ಅಲ್ಲ, ರಂಜಾನ್‌ನಲ್ಲಿ ಬೀದಿಯಲ್ಲಿ ಮಲಗುವವರಿಗೆ ಊಟ ಕೊಡುವವರ ಜೊತೆ ಸೇರಬಹುದೇ, ಏನು ಕೆಲಸ ಇರುತ್ತದೆ ಅಂತ ಕೇಳಿದ್ದೀರಿ. ಖಂಡಿತ ಸೇರಿ. ನಾನು ಬಂದರ್ ಕಡೆಯವನು. ಆ ತಿಂಗಳು ಸಂಜೆಯಾದರೆ ಗಂಜಿ ಪಾತ್ರೆಯ ಹತ್ತಿರವೇ ಇರುತ್ತೇನೆ. ಉಪವಾಸ ಇಲ್ಲದವರು ನಮಗೆ ನಿಜವಾಗಿ ಬೇಕು.

ಅಡುಗೆ ಮಾಡುವ ನಾವೆಲ್ಲ ಉಪವಾಸದಲ್ಲಿರುತ್ತೇವೆ. ಒಂದು ಲೋಟ ಗಂಜಿ ಕುಡಿದು ಉಪ್ಪು ಸರಿ ಇದೆಯಾ ಅಂತ ಹೇಳಲು ಒಬ್ಬರು ಬೇಕಲ್ವಾ? ಆಮೇಲೆ ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜಿನ ಹೊತ್ತು. ಬಾಂಗ್ (ನಮಾಜಿನ ಕರೆ) ಆದ ಕೂಡಲೇ ನಾವು ಖರ್ಜೂರ, ನೀರು ತಗೊಂಡು ನಮಾಜಿಗೆ ಹೋಗುತ್ತೇವೆ. ಆಗ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ ನಿಂತು ಬಡಿಸಲು ನೀವಿದ್ದರೆ ದೊಡ್ಡ ಉಪಕಾರ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದ್ದು ಹೊತ್ತಿನ ವಿಷಯ. ಸಂಜೆ ಎಲ್ಲರೂ ಕೊಡುತ್ತಾರೆ. ಒಬ್ಬರ ಮಡಿಲಲ್ಲೇ ಸಮೋಸ, ಬಿರಿಯಾನಿ, ಕಲ್ಲಂಗಡಿ ಅಂತ ನಾಲ್ಕು ಪೊಟ್ಟಣ ಇರುತ್ತದೆ. ನಮ್ಮ ಊರಿನ ಸೆಕೆಗೆ ಬೆಳಿಗ್ಗೆಯೊಳಗೆ ಹಳಸಿ ಹೋಗುತ್ತದೆ. ಮರುದಿನ ಮಧ್ಯಾಹ್ನ ಅದೇ ಮನುಷ್ಯನ ಕೈಯಲ್ಲಿ ಏನೂ ಇರುವುದಿಲ್ಲ. ಬಂದರಿನಲ್ಲಿ ಹಲವು ಹೋಟೆಲ್‌ಗಳು ಹಗಲಲ್ಲಿ ಮುಚ್ಚಿರುತ್ತವೆ, ಅಲ್ಲಿ ಸಿಗುತ್ತಿದ್ದದ್ದೂ ತಪ್ಪುತ್ತದೆ. ಇಂದಿರಾ ಕ್ಯಾಂಟೀನ್‌ನಲ್ಲಿ 10 ರೂಪಾಯಿಗೆ ಊಟ ಇದೆ ನಿಜ, ಆದರೆ ಆ 10 ರೂಪಾಯಿಯೂ ಇಲ್ಲದವರಿದ್ದಾರೆ, ಅಲ್ಲಿವರೆಗೆ ನಡೆಯಲಾಗದವರೂ ಇದ್ದಾರೆ. ನಮ್ಮ ಹಸಿವಿನ ಗಂಟೆ ನೋಡಿಕೊಂಡು ಅವರಿಗೆ ಬಡಿಸುತ್ತಿದ್ದೇವೆ. ಇದು ನನ್ನನ್ನು ತುಂಬಾ ಕಾಡುತ್ತದೆ. ನಿಮಗೆ ಕ್ಲಾಸ್ ಇಲ್ಲದ ದಿನ ಮಧ್ಯಾಹ್ನ ಬನ್ನಿ. ಇಲ್ಲದಿದ್ದರೆ ರಾತ್ರಿ ನಾವು ತರಾವೀಹ್ ಅನ್ನುವ ರಂಜಾನ್ ನಮಾಜಿನಲ್ಲಿರುವ ಹೊತ್ತಿಗೆ ರೈಲು ನಿಲ್ದಾಣ, ವೆನ್ಲಾಕ್ ಆಸ್ಪತ್ರೆ ಕಡೆ ಒಂದು ಸುತ್ತು ಹೋಗಿ.

ಬಿರಿಯಾನಿಯೇ ಬೇಕು ಅಂತಿಲ್ಲ. ಹಲ್ಲಿಲ್ಲದ ಅಜ್ಜನಿಗೆ, ದಿನವಿಡೀ ಹೊಟ್ಟೆ ಖಾಲಿ ಇದ್ದವರಿಗೆ ಬಿಸಿ ಗಂಜಿಯೇ ಹಿತ. ತೆಂಗಿನಕಾಯಿ ಹಾಕಿದ ಪದಾರ್ಥ ಪೊಟ್ಟಣ ಕಟ್ಟಬೇಡಿ, ಬೇಗ ಕೆಡುತ್ತದೆ. ಮಾಂಸ ತಿನ್ನದವರಿಗೆ ಬೇರೆ ಪಾತ್ರೆ, ಬೇರೆ ಸೌಟು ಇಡಿ. ಕೊಡುವ ಮೊದಲು ಊಟ ಆಯಿತಾ ಅಂತ ಕೇಳಿ. ಹಲವರಿಗೆ ಹಿಂದಿ ಮಾತ್ರ ಬರುತ್ತದೆ.

ಫೋಟೋ ಮಾತ್ರ ಬೇಡವೇ ಬೇಡ. ಕುರ್‌ಆನ್‌ನ 76ನೇ ಅಧ್ಯಾಯದಲ್ಲಿ ಬಡವರಿಗೆ, ಅನಾಥರಿಗೆ, ಸೆರೆಯಾಳುಗಳಿಗೆ ಉಣಿಸುವವರ ಮಾತು ಬರುತ್ತದೆ. ಅವರು ಪ್ರತಿಫಲ ಬಯಸುವುದಿಲ್ಲ, ಥ್ಯಾಂಕ್ಸ್ ಕೂಡ ಬಯಸುವುದಿಲ್ಲ. ಊಟ ಕೊಟ್ಟು ಕ್ಯಾಮೆರಾ ಕಡೆ ನಗು ಅಂತ ಹೇಳಿದರೆ ಬೆಲೆ ಕೇಳಿದ ಹಾಗೇ ಆಯಿತು.

ಇನ್ನೊಂದು ದಿನವನ್ನು ಎಲ್ಲರೂ ಮರೆಯುತ್ತಾರೆ, ಅದು ಹಬ್ಬದ ಬೆಳಿಗ್ಗೆ. ಹಬ್ಬದ ನಮಾಜಿಗೆ ಮೊದಲು ನಾವು ಫಿತ್ರ್ ಅಂತ ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲಿ ಬಡವರಿಗೆ ಅಕ್ಕಿ ಕೊಡುತ್ತೇವೆ. ಒಳ್ಳೆಯ ಪದ್ಧತಿ. ಆದರೆ ಬಸ್ ನಿಲ್ದಾಣದಲ್ಲಿ ಮಲಗುವವರಿಗೆ ಒಲೆ ಎಲ್ಲಿದೆ? ಅವರಿಗೆ ಬೆಂದ ಅನ್ನವೇ ಬೇಕು. ಆ ಬೆಳಿಗ್ಗೆ ನಾವೆಲ್ಲ ಬಾವುಟಗುಡ್ಡೆ ಈದ್ಗಾದಲ್ಲೋ ನಮ್ಮ ನಮ್ಮ ಮಸೀದಿಯಲ್ಲೋ ಇರುತ್ತೇವೆ. ಹತ್ತಿರದ ಮಸೀದಿಗೆ ಅಸರ್ (ಮಧ್ಯಾಹ್ನ ಕಳೆದ ಮೇಲಿನ) ನಮಾಜ್ ಮುಗಿಯುವ ಹೊತ್ತಿಗೆ ಹೋಗಿ, ಊಟ ಹಂಚುವವರು ಯಾರು ಅಂತ ವಿಚಾರಿಸಿ. ಹಬ್ಬದ ಬೆಳಿಗ್ಗೆಯ ತಿಂಡಿ ನಾನು ಮತ್ತು ನನ್ನ ಹಾಸ್ಟೆಲ್ ಗೆಳೆಯರು ನೋಡಿಕೊಳ್ಳುತ್ತೇವೆ ಅಂತ ಮೊದಲೇ ಹೇಳಿಬಿಡಿ.