ಪ್ರತಿಕ್ರಿಯೆ: ಎಂಜಿನ್ ಬಿಚ್ಚಿ ಕಟ್ಟಿದ ಮೇಲೂ ಹಳೇ ಟೂ ಸ್ಟ್ರೋಕ್ ಯೆಜ್ಡಿ ಬೈಕ್‌ನಲ್ಲಿ ಬಿಳಿ ಹೊಗೆ

ಎಡಗಡೆ, ಅಂದ್ರೆ ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ (ಗೇರ್ ಆಯಿಲ್ ಎಂಜಿನ್ ಒಳಗೆ ಹೋಗದಂತೆ ತಡೆಯೋ ರಬ್ಬರ್ ಬಳೆ) ಹೋಗಿರೋ ಸಾಧ್ಯತೆಯೇ ಹೆಚ್ಚು. ಅದು ಹೋದ್ರೆ ಗೇರ್ ಆಯಿಲ್ ಒಳಗೆ ಸೇರಿ ಉರಿದು ಹೊಗೆ ಬರುತ್ತೆ. ರೀಬೋರ್ (ಸವೆದ ಸಿಲಿಂಡರ್ ಕೊರೆಸೋದು) ಆದ್ಮೇಲೂ ದಟ್ಟ ಹೊಗೆ, ಜೊತೆಗೆ ಗೇರ್ ಆಯಿಲ್ ಕಮ್ಮಿಯಾಗ್ತಿದೆ ಅಂದ್ರಲ್ಲ, ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ರಿಂಗ್ ಸವೆದ್ರೆ ಗೇರ್ ಆಯಿಲ್ ಇಳಿಯಲ್ಲ. ದಯವಿಟ್ಟು ಸಿಲಿಂಡರ್ ಮತ್ತೆ ಬಿಚ್ಚಬೇಡಿ.

ಮೊದಲು ಗೇರ್ ಆಯಿಲ್ ಪೂರ್ತಿ ಇಳಿಸಿ, ಅಳೆದು ಹೊಸದು ತುಂಬಿ. 50 ಕಿ.ಮೀ. ಓಡಿಸಿ ಮತ್ತೆ ಅಳೀರಿ. ಅಳತೆ ಹಾಗೇ ಇದ್ರೆ ನನ್ನ ಊಹೆ ತಪ್ಪು. ಸೈಲೆನ್ಸರ್‌ನಲ್ಲಿ ಕೂತಿರೋ ಹಳೇ ಆಯಿಲ್ ಉರೀತಿರಬಹುದು, ಇಲ್ಲಾ ಪೆಟ್ರೋಲ್‌ಗೆ ಬೆರೆಸೋ ಟೂಟಿ (2T) ಆಯಿಲ್ ಜಾಸ್ತಿ ಬಿದ್ದಿರಬಹುದು.

ಗೇರ್ ಆಯಿಲ್ ಇಳಿದಿದ್ರೆ ಎಡಗಡೆ ಕವರ್ ತೆಗೀರಿ. ಪ್ರೈಮರಿ ಚೈನ್ (ಕ್ರ್ಯಾಂಕ್‌ನಿಂದ ಕ್ಲಚ್‌ಗೆ ಹೋಗೋ ಚೈನ್), ಕ್ಲಚ್, ಕ್ರ್ಯಾಂಕ್ ಸ್ಪ್ರಾಕೆಟ್ ಮೂರೂ ಒಟ್ಟಿಗೇ ಬರಬೇಕು. ಎಳೆದು ಬಿಚ್ಚೋ ಪುಲ್ಲರ್ ಹಾಕಿ, ಸುತ್ತಿಗೇಲಿ ಹೊಡೀಬೇಡಿ. ಹಿಂದೆ ಸೀಲ್ ಕಾಣುತ್ತೆ. ಕೀಳೋ ಮುಂಚೆ ಸೀಲ್‌ನ ಸ್ಪ್ರಿಂಗ್ ಯಾವ ಕಡೆಗಿದೆ ಅಂತ ಫೋಟೋ ತೆಗೆದು ಪಾರ್ಟ್ಸ್ ಬುಕ್ ಚಿತ್ರದ ಜೊತೆ ತಾಳೆ ನೋಡಿ.

ನಾನು ಕಟ್ಟಿದಾಗ ಹೊಸ ಸೀಲ್‌ನ ತುಟೀನೇ (ಒಳ ಅಂಚು) ಶಾಫ್ಟ್‌ನಲ್ಲಿ ಕೀ ಕೂರೋ ತೋಡಿಗೆ ತಾಗಿ ಉಗುರಿನಷ್ಟು ಸೀಳಿತ್ತು. ಅದಕ್ಕೇ ಆ ತೋಡಿನ ಮೇಲೆ ತೆಳು ಟೇಪ್ ಸುತ್ತಿ, ಆಯಿಲ್ ಸವರಿ, ಸೀಲ್ ನಿಧಾನಕ್ಕೆ ಜಾರಿಸಿ. ಕೂತ ಮೇಲೆ ಟೇಪ್ ತೆಗೆಯೋದು ಮರೀಬೇಡಿ. ಶಾಫ್ಟ್ ಮೇಲೆ ಉಗುರಿಗೆ ಸಿಗೋ ಗೆರೆ ಬಿದ್ದಿದ್ರೆ ಮಾತ್ರ ಹೊಸ ಸೀಲೂ ಸೋರುತ್ತೆ. ಆಗ ಕ್ರ್ಯಾಂಕ್ ಹೊರಗೆ ತೆಗೆದು ಲೇತ್ ಅಂಗಡಿಗೆ ಕೊಡಬೇಕಾಗುತ್ತೆ.