ಕಿಟ್ ಚಿಕ್ಕದು, ಮಂಚ ದೊಡ್ಡದು, ಏನ್ಮಾಡ್ಲಿ ಅಕ್ಕ?

ಪ್ರಶ್ನೆ: ನಮಸ್ತೆ ಅಕ್ಕ. ನಮ್ದು ಚಿಂತಾಮಣಿ ಹತ್ರ ಹಳ್ಳಿ. ನಂಗೆ ಹೊಲಿಗೆ ಅಂದ್ರೆ ಪ್ರಾಣ ಅಂತ ಮಗಳು ಅಮೆರಿಕದಿಂದ ಬರ್ವಾಗ ಒಂದು ಕ್ವಿಲ್ಟ್ ಕಿಟ್ (ಬಟ್ಟೆ ಚೌಕ ಜೋಡ್ಸಿ ಕೌದಿ ಹೊಲಿಯೋ ಸಾಮಾನು) ತಂದ್ಕೊಟ್ಟವ್ಳೆ. 12 ಇಂಚಿನ ಚೌಕ 30, ಹೊಲ್ದು ಮುಗ್ಸಿದ್ರೆ ಅಗಲ 60 ಇಂಚು, ಉದ್ದ 72 ಇಂಚು ಅಂತ ಮೇಲೆ ಬರ್ದೈತೆ. ನಮ್ ಮಂಚ ಆರಡಿಗೆ ಆರೂಕಾಲು ಅಡಿ, ಹಾಸಿಗೆ 6 ಇಂಚು ದಪ್ಪ. ನಾನು, ಯಜಮಾನ್ರು ಇಬ್ರೂ ಹೊದ್ಕೊಳೋ ಹಂಗೆ ಆಗ್ಬೇಕು. ಇಂಥದ್ದೇ ಇನ್ನೊಂದು ಕಿಟ್ ತರ್ಸಿ ಸೇರಿಸ್ಲಾ, ಇಲ್ಲ ಇದನ್ನೇ ದೊಡ್ಡದು ಮಾಡೋಕೆ ದಾರಿ ಐತಾ?

ಉತ್ತರ: ಇನ್ನೊಂದು ಕಿಟ್ ಖಂಡಿತ ಬೇಡಮ್ಮ. ಅದೇ ಡಿಸೈನ್ ಸಿಕ್ಕಿದ್ರೂ ಬಣ್ಣದ ಹದ ಒಂದು ಕೂದಲೆಳೆ ಆಚೀಚೆ ಇರುತ್ತೆ, ಅಕ್ಕಪಕ್ಕ ಇಟ್ಟಾಗ ಕಣ್ಣಿಗೆ ಹೊಡೆಯುತ್ತೆ. ಇದನ್ನೇ ದೊಡ್ಡದು ಮಾಡೋಣ.

ಮೊದಲು ಟೇಪ್ ತಗೊಂಡು ಮಂಚದ ಹತ್ರ ಹೋಗಿ. ಮಂಚದ ಮರದ ಅಳತೆ ಅಲ್ಲ, ಹಾಸಿಗೆ ಅಳತೆ ಬೇಕಾಗಿರೋದು. ಹಾಸಿಗೆನೂ ಮಂಚದಷ್ಟೇ ಇದೆ ಅಂತ ಇಟ್ಕೊಂಡ್ರೆ, ಆರಡಿ ಅಂದ್ರೆ 72 ಇಂಚು, ಆರೂಕಾಲು ಅಂದ್ರೆ 75. ಹಾಸಿಗೆ 6 ಇಂಚು ದಪ್ಪ ಇರೋದ್ರಿಂದ ಎರಡು ಪಕ್ಕಕ್ಕೂ ಕಾಲ ಕಡೆಗೂ 10-10 ಇಂಚು ಇಳಿಬಿಡೋಣ. ಅಲ್ಲಿಗೆ ಅಗಲ 92, ಉದ್ದ 85 ಬೇಕು. ಮಂಚದ ಒಂದು ಪಕ್ಕ ಗೋಡೆಗೆ ತಾಗಿದ್ರೂ ಆ ಕಡೆ ಕಮ್ಮಿ ಮಾಡೋಕೆ ಹೋಗ್ಬೇಡಿ, ನಾಳೆ ಮಂಚ ಇನ್ನೊಂದು ರೂಮಿಗೆ ಹೋದ್ರೆ ಅಷ್ಟೂ ಕೆಲ್ಸ ವ್ಯರ್ಥ. ಅಳತೆ ವಿಷ್ಯ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನ ಮೊದಲ್ನೇ ಕಿಟ್ ನಾನು 'ಕ್ವೀನ್' ಅನ್ನೋ ಹೆಸರು ನೋಡಿ ತಗೊಂಡಿದ್ದು, ಟೇಪ್ ಹಿಡಿಲೇ ಇಲ್ಲ. ಅಮೆರಿಕದ ಕ್ವೀನ್ ಹಾಸಿಗೆ ಅಂದ್ರೆ 60ಕ್ಕೆ 80 ಇಂಚು, ನಮ್ಮನೆಲಿದ್ದಿದ್ದು ಆರಡಿ ಅಗಲದ್ದು. ನಾಲ್ಕು ತಿಂಗಳು ಹೊಲ್ದ ಮೇಲೆ ಚಳಿಗಾಲದ ರಾತ್ರಿ ನಮ್ಮಿಬ್ರಲ್ಲಿ ಒಬ್ರ ಬೆನ್ನು ಯಾವಾಗ್ಲೂ ಆಚೆ. ಆ ಬೇಜಾರು ನಿಮಗೆ ಬೇಡ.

ಈಗ ನಿಮ್ಮ ಕಿಟ್. ಅವರು 5 ಚೌಕ ಅಗಲಕ್ಕೆ, 6 ಚೌಕ ಉದ್ದಕ್ಕೆ ಇಟ್ಟಿದಾರೆ, ನೀವು ಅದನ್ನ ತಿರುಗಿಸಿ 6 ಅಗಲಕ್ಕೆ, 5 ಉದ್ದಕ್ಕೆ ಇಡಿ. ಚೌಕ ಬಿಡಿ ಬಿಡಿ ಇರೋದ್ರಿಂದ ಹೂವು, ಹಕ್ಕಿ ಏನಿದ್ರೂ ನೆಟ್ಟಗೇ ಕೂರ್ಸ್ಬಹುದು (ಮೂವತ್ತೂ ಸೇರಿ ಒಂದೇ ದೊಡ್ಡ ಚಿತ್ರ ಆಗೋ ಡಿಸೈನ್ ಆದ್ರೆ ಮಾತ್ರ ಈ ದಾರಿ ಆಗಲ್ಲ). ಚೌಕ ಚೌಕದ ಮಧ್ಯೆ 2 ಇಂಚಿನ ಪಟ್ಟಿ ಕೊಡಿ. ಆಗ ಅಗಲ 82, ಉದ್ದ 68 ಬರುತ್ತೆ. ಎರಡು ಪಕ್ಕ ಮತ್ತೆ ತಲೆ ಕಡೆ 5 ಇಂಚು ಬಾರ್ಡರ್, ಕಾಲ ಕಡೆ ಮಾತ್ರ 12 ಇಂಚು. ಲೆಕ್ಕ ಹಾಕಿ ನೋಡಿ, ಸರಿಯಾಗಿ 92ಕ್ಕೆ 85. ಕಾಲ ಕಡೆ ಅಗಲ ಬಾರ್ಡರ್ ಇದ್ರೆ ಚೆನ್ನಾಗೇ ಕಾಣುತ್ತೆ, ಸೀರೆಗೆ ಸೆರಗಿದ್ದಂಗೆ. ಹಾಸಿದಾಗ ತಲೆ ಯಾವ್ಕಡೆ ಕಾಲ್ಯಾವ್ಕಡೆ ಅನ್ನೋದೂ ಗೊತ್ತಾಗುತ್ತೆ.

ಇದಕ್ಕೆ 42 ಇಂಚು ಪನ್ನದ ಕಾಟನ್ ಬಟ್ಟೆ, ಮಧ್ಯದ ಪಟ್ಟಿಗೆ ಒಂದೂವರೆ ಮೀಟರು, ಬಾರ್ಡರ್‌ಗೆ ಎರಡೂವರೆ ಮೀಟರು ತಗೊಳ್ಳಿ. ಸುತ್ತ ಮಡಚೋ ಬೈಂಡಿಂಗ್‌ಗೆ ಕಿಟ್‌ನಲ್ಲಿರೋದು ಸಾಲಲ್ಲ, ಎರಡೂವರೆ ಇಂಚಿನ ಇನ್ನೂ ಎರಡು ಮೂರು ಪಟ್ಟಿ ಇದ್ರಲ್ಲೇ ಕತ್ತರಿಸ್ಕೊಳ್ಳಿ. ಅಂಗಡಿಗೆ ಹೋಗುವಾಗ ಕಿಟ್‌ನ ಒಂದು ತುಂಡು ಕೈಯಲ್ಲಿರ್ಲಿ, ಟ್ಯೂಬ್‌ಲೈಟ್ ಕೆಳಗೆ ಮ್ಯಾಚ್ ಮಾಡ್ಬೇಡಿ, ಬಾಗಿಲಾಚೆ ಬಿಸಿಲಿಗೆ ತಂದು ನೋಡಿ. ಅದೇ ಬಣ್ಣ ಹುಡ್ಕ್ಕೊಂಡು ಹತ್ತು ಅಂಗಡಿ ತಿರುಗೋದಕ್ಕಿಂತ, ಕಿಟ್‌ನಲ್ಲಿರೋ ಅತಿ ಗಾಢ ಬಣ್ಣಕ್ಕಿಂತ ಇನ್ನೊಂಚೂರು ಗಾಢ ಇರೋ ಪ್ಲೇನ್ ಬಟ್ಟೆ ತಗೊಂಡ್ರೆ ಹೊಂದುತ್ತೆ.

ಒಂದು ಮುಖ್ಯವಾದ ವಿಷ್ಯ, ನಾವೆಲ್ಲ ಬ್ಲೌಸ್ ಹೊಲ್ದು ಅಭ್ಯಾಸ ಆದವ್ರು, ಕೈ ತಾನಾಗೇ ಅರ್ಧ ಇಂಚು ಬಿಟ್ಟು ಹೊಲಿಯುತ್ತೆ. ಕ್ವಿಲ್ಟ್‌ಗೆ ಬಿಡ್ಬೇಕಾಗಿರೋದು ಕಾಲೇ ಇಂಚು. ಬಾರ್ಡರ್ ಬಿಟ್ಟೇ ಅಗಲಕ್ಕೆ ಹತ್ತು ಜೋಡಣೆ ಬರುತ್ತೆ, ಒಂದೊಂದ್ರಲ್ಲೂ ಎರಡು ಕಡೆ ಸೇರಿ ಅರ್ಧ ಇಂಚು ಜಾಸ್ತಿ ತಿಂದ್ರೆ ಐದು ಇಂಚು ಹೋಯ್ತು. ಮಿಷನ್ ಸೂಜಿಯಿಂದ ಕಾಲಿಂಚು ಅಳೆದು ತಗಡಿನ ಮೇಲೆ ಒಂದು ಟೇಪ್ ತುಂಡು ಅಂಟಿಸಿ, ಬಟ್ಟೆ ಅಂಚು ಅದಕ್ಕೆ ತಾಗಿಸ್ಕೊಂಡೇ ಓಡ್ಸಿ. 2 ಇಂಚಿನ ಪಟ್ಟಿ ಅಂದ್ರೆ ಕತ್ತರಿಸ್ಬೇಕಾಗಿರೋದು ಎರಡೂವರೆ, 5 ಇಂಚಿನದು ಐದೂವರೆ.

ಬಾರ್ಡರ್ ಕೂಡ ಅಷ್ಟೇ, ಉದ್ದ ಪಟ್ಟಿ ಇಟ್ಕೊಂಡು ಅಂಚಿಗೆ ಹೊಲೀತಾ ಹೋಗಿ ಕೊನೇಲಿ ಕತ್ತರಿಸಿದ್ರೆ ಅಂಚು ಹಪ್ಪಳದ ಹಂಗೆ ಅಲೆ ಅಲೆ ಆಗುತ್ತೆ. ಹೊಲ್ದ ಬಟ್ಟೆನ ನೆಲದ ಮೇಲೆ ಹಾಸಿ ನಡುಮಧ್ಯ ಅಳೀರಿ, ಅಂಚಲ್ಲಿ ಅಳೀಬೇಡಿ. ಆ ಅಳತೆಗೆ ಪಟ್ಟಿ ಮೊದಲೇ ಕತ್ತರಿಸಿ, ಮಧ್ಯಕ್ಕೂ ತುದಿಗಳಿಗೂ ಪಿನ್ ಹಾಕಿ ಆಮೇಲೆ ಹೊಲೀರಿ.

ಕೆಳಗಿನ ಬಟ್ಟೆಗೆ ದುಡ್ಡು ಹಾಕ್ಲೇಬೇಡಿ. ಮೆತ್ತಗಾಗಿರೋ ಒಂದು ಹಳೇ ಕಾಟನ್ ಸೀರೆ ಸಾಕು. ಐದೂವರೆ ಮೀಟರು ಸೀರೆನ ಮಧ್ಯಕ್ಕೆ ಕತ್ತರಿಸಿ ಎರಡು ಪನ್ನ ಜೋಡಿಸಿದ್ರೆ ಒಂದು ಕಡೆ 108 ಇಂಚು, ಇನ್ನೊಂದು ಕಡೆ ಹತ್ತಿರತ್ತಿರ 90 ಸಿಗುತ್ತೆ. ಕೈಹೊಲಿಗೆಗೆ ಸುತ್ತ ಎರಡು ಇಂಚು ಜಾಸ್ತಿ ಇದ್ರೂ ನಡಿಯುತ್ತೆ. ಕತ್ತರಿಸೋಕೆ ಮುಂಚೆ ಸೀರೆನ ಬೆಳಕಿಗೆ ಹಿಡಿದು ನೋಡಿ, ಸವೆದು ಜಾಳಾಗಿದ್ರೆ ಬೇರೆ ಸೀರೆ.

ಪ್ರಶ್ನೆ: ಅಕ್ಕ, ತಿಪಟೂರಿಂದ. ನಾನೂ ಆನ್‌ಲೈನಲ್ಲಿ ಕಿಟ್ ತರಿಸ್ದೆ, ಬಿಚ್ಚಿದ್ರೆ ಒಳಗೆ ಹತ್ತಿ ಪದರನೇ ಇಲ್ಲ. ಮೋಸ ಹೋದ್ನಾ?

ಉತ್ತರ: ಮೋಸ ಅಲ್ಲ ಕಣಮ್ಮ. ಸಾಮಾನ್ಯವಾಗಿ ಕಿಟ್‌ನಲ್ಲಿ ಬರೋದು ಮೇಲಿನ ಬಟ್ಟೆ, ಬೈಂಡಿಂಗ್, ಹೊಲಿಯೋ ಕ್ರಮದ ಹಾಳೆ, ಅಷ್ಟೇ. ಒಳಪದರ, ಕೆಳಬಟ್ಟೆ ನಮ್ಮ ಖರ್ಚು. ಅದಕ್ಕೇ ಕೊಳ್ಳುವಾಗ ಬೆಲೆ ನೋಡೋಕೆ ಮುಂಚೆ ಏನೇನಿದೆ ಅಂತ ಓದ್ಬೇಕು.

ನಮ್ ಕಡೆ ಚಳಿ ಅಂತ ಜೋರಾಗಿರೋದು ಡಿಸೆಂಬರ್, ಜನವರಿ. ದಪ್ಪ ಪಾಲಿಯೆಸ್ಟರ್ ಹಾಕಿದ್ರೆ ಫೆಬ್ರವರಿಗೇ ಬೆವರು ಕಿತ್ಕೊಂಡು ಬರುತ್ತೆ. ತೆಳು ಕಾಟನ್ ಹಾಳೆ (ಹತ್ತಿ ಒತ್ತಿ ಮಾಡಿರೋ ಒಳಪದರ) ಸಿಕ್ಕಿದ್ರೆ ತಗೊಳ್ಳಿ, ಇಲ್ಲಾಂದ್ರೆ ನಮ್ಮಜ್ಜಿಯರು ಬೊಂತೆಗೆ ಹಾಕ್ತಿದ್ದ ಹಂಗೆ ಹಳೇ ಪಂಚೆ ಎರಡು ಮೂರು ಪದರ ಹಾಕಿ, ನನಗಂತೂ ಅದೇ ಇಷ್ಟ. ಹಾಸಿಗೆ ತುಂಬೋ ಬಿಡಿ ಹತ್ತಿ ಮಾತ್ರ ಬೇಡ, ಒಂದು ಸಲ ಒಗೆದ್ರೆ ಮೂಲೆಗೆ ಬಂದು ಗಂಟು ಕಟ್ಟುತ್ತೆ. ಹಾಳೆ ತಗೊಂಡ್ರೆ ಎಷ್ಟು ಇಂಚಿಗೊಂದು ಹೊಲಿಗೆ ಇರ್ಬೇಕು ಅಂತ ಪ್ಯಾಕೆಟ್ ಮೇಲೆ ಬರ್ದಿರ್ತಾರೆ, ಅದಕ್ಕಿಂತ ದೂರ ಹೊಲೀಬೇಡಿ.

ಚಿಂತಾಮಣಿಯವ್ರೂ ಇದನ್ನ ಓದ್ಕೊಳ್ಳಿ: ಕಾಟನ್ ಹಾಳೆ ಹಾಕಿದ್ರೆ ಮೊದಲ್ನೇ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತೆ, ನಿಮ್ಮ 92 ಇಂಚಲ್ಲಿ ಮೂರ್ನಾಲ್ಕು ಇಂಚು ಹೋಗುತ್ತೆ. ಹತ್ತು ಇಂಚು ಇಳಿಬಿಡಿ ಅಂದಿದ್ದು ಅದಕ್ಕೇ. ಮತ್ತೆ ಹೊಲಿಯೋಕೆ ಮುಂಚೆ ಕೆಂಪು, ನೀಲಿ ತುಂಡುಗಳನ್ನ ಒದ್ದೆ ಬಿಳಿ ಬಟ್ಟೆ ಮೇಲಿಟ್ಟು ಉಜ್ಜಿ ನೋಡಿ. ಬಣ್ಣ ಬಿಟ್ರೆ ಹೊಸದಾಗಿ ಕೊಂಡ ಬಟ್ಟೆನ ನೀರು ತಿಳಿ ಆಗೋವರೆಗೂ ಒಗೀರಿ, ಆದ್ರೆ ಕಿಟ್‌ನಲ್ಲಿ ಕತ್ತರಿಸಿ ಕೊಟ್ಟಿರೋ ಸಣ್ಣ ಚೂರುಗಳನ್ನ ನೀರಿಗೆ ಹಾಕ್ಬೇಡಿ, ಅಂಚೆಲ್ಲ ನೂಲು ನೂಲಾಗಿ ಅಳತೆನೇ ಕೆಟ್ಟೋಗುತ್ತೆ.