ಆ ಇನ್‌ಲ್ಯಾಂಡ್ ಕಾಗದದ ಬಗ್ಗೆ: ಅಳಿಯನನ್ನು ಬಿಡಿ, ಮೊದಲು ಮಾವನನ್ನು ಹುಡುಕಿ

ನಿಮ್ಮ ಫೋಟೋಗಳನ್ನು ನಿನ್ನೆ ರಾತ್ರಿ ದೊಡ್ಡದು ಮಾಡಿ ಮಾಡಿ ನೋಡಿದೆ ಮಾರಾಯ್ರೆ, ಅರ್ಧ ನಿದ್ದೆ ಹಾಳು. ಈಗ ತಾನೇ ಈ ಮಾತುಕತೆಗೆ ಬಂದವರಿಗಾಗಿ ವಿಷಯವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಮಂಗಳೂರಿನ ಹಂಪನಕಟ್ಟೆಯ ಹತ್ತಿರ ಹಳೇ ಪುಸ್ತಕದ ಅಂಗಡಿಯಲ್ಲಿ ಇವರು ಒಂದು ಕನ್ನಡ ಕಾದಂಬರಿ ಕೊಂಡಿದ್ದಾರೆ. ಅದರೊಳಗೆ ಒಂದು ಇನ್‌ಲ್ಯಾಂಡ್ ಕಾಗದ ಸಿಕ್ಕಿದೆ. ಅಂಚೆಚೀಟಿ ಅಚ್ಚಾಗಿದ್ದ ಮೂಲೆಯನ್ನು ಯಾರೋ ಕತ್ತರಿಸಿಕೊಂಡಿದ್ದಾರೆ. ವಿಳಾಸದಲ್ಲಿ ಉಳಿದದ್ದು '...ಬೆಟ್ಟು ಮನೆ' ಮತ್ತು 'ವಯಾ ಕಾರ್ಕಳ, ದ.ಕ.' ಅಷ್ಟೇ. ಒಳಗೆ ಮೇಲ್ಗಡೆ 'ಉಡುಪಿ, 18-1, ಗುರುವಾರ' ಎಂದಿದೆ, ವರ್ಷ ಇಲ್ಲ. ಶುರು 'ತೀರ್ಥರೂಪ ಸಮಾನರಾದ ಮಾವನವರಿಗೆ', ಕೊನೆ 'ಇತಿ ನಿಮ್ಮ ಅಳಿಯ'. ಸಹಿ ಮಾತ್ರ ಬ್ರಹ್ಮನಿಗೂ ಓದಲು ಬರುವ ಹಾಗಿಲ್ಲ. ಬರೆದವರು ಯಾರು ಅಂತ ಹೇಗೆ ಪತ್ತೆ ಮಾಡುವುದು ಎನ್ನುವುದು ಇವರ ಪ್ರಶ್ನೆ.

ಪತ್ತೆ ಕೆಲಸಕ್ಕೆ ಮೊದಲು ಒಂದು ಮಾತು. ಕೆಳಗೆ ಯಾರೋ 'ಲ್ಯಾಮಿನೇಶನ್ ಮಾಡಿಸಿಬಿಡಿ' ಎಂದು ಬರೆದಿದ್ದಾರೆ. ದಯವಿಟ್ಟು ಬೇಡ. ನಾನೇ ಹದಿನೈದು ವರ್ಷದ ಹಿಂದೆ ಅಜ್ಜನ ಒಂದು ಪೋಸ್ಟ್ ಕಾರ್ಡನ್ನು ಝೆರಾಕ್ಸ್ ಅಂಗಡಿಗೆ ಕೊಟ್ಟು ಲ್ಯಾಮಿನೇಶನ್ ಮಾಡಿಸಿದ್ದೆ. ಬಿಸಿಗೆ ಶಾಯಿ ಹರಡಿ ಎರಡು ಸಾಲು ನೀಲಿ ಮೋಡದ ಹಾಗೆ ಆಯಿತು. ಇನ್ನು ಅದನ್ನು ಬಿಡಿಸುವ ಹಾಗೂ ಇಲ್ಲ. ಸೆಲ್ಲೋಟೇಪ್ ಕೂಡ ಬೇಡ, ಅದರ ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಕಾಗದದೊಳಗೇ ಇಳಿಯುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಪ್ಲಾಸ್ಟಿಕ್ ಕವರಿನೊಳಗೆ ಬೆವರಿ ಬೂಸ್ಟು ಬರುತ್ತದೆ. ಹಾಗಂತ ಬಿಸಿಲಿಗೆ ಒಣಗಿಸಲೂ ಹೋಗಬೇಡಿ, ಶಾಯಿ ಮಾಸುತ್ತದೆ. ಕೈ ತೊಳೆದು, ಚೆನ್ನಾಗಿ ಒರೆಸಿ, ಬಿಡಿಸಿ, ಎರಡು ಬಿಳಿ ಹಾಳೆಯ ನಡುವೆ ಚಪ್ಪಟೆ ಇಡಿ. ಏನಾದರೂ ಗುರುತು ಬರೆಯಬೇಕಿದ್ದರೆ ಆ ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ.

ಮತ್ತೆ, ಕಾಗದ ಯಾವ ಪುಟಗಳ ನಡುವೆ ಇತ್ತು ಅಂತ ನೆನಪಿದೆಯಾ? ಇದ್ದರೆ ಈಗಲೇ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ವರ್ಷ. ಇದರಲ್ಲಿ ನನಗೆ ಮಜಾ ಸಿಕ್ಕಿತು. ನಿಮ್ಮ ಎರಡನೇ ಫೋಟೋದಲ್ಲಿ 'ಇವತ್ತು ಪರ್ಯಾಯ, ರಾತ್ರಿ ಇಡೀ ನಿದ್ದೆ ಇಲ್ಲ' ಅಂತ ಒಂದು ಸಾಲು ಇದೆ. ಉಡುಪಿಯ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಎರಡು ವರ್ಷಕ್ಕೊಮ್ಮೆ, ಇಸವಿ ಸಮಸಂಖ್ಯೆ ಇರುವಾಗ, ಜನವರಿ 18ಕ್ಕೆ. ಹಾಗಾಗಿ ಅರ್ಧ ವರ್ಷಗಳು ಅಲ್ಲಿಗೇ ಬಿದ್ದು ಹೋದವು. ಸಮಸಂಖ್ಯೆಯ ಇಸವಿಗಳಲ್ಲಿ ಜನವರಿ 18 ಗುರುವಾರ ಬಂದದ್ದು ಯಾವಾಗ ಅಂತ ಕ್ಯಾಲೆಂಡರ್ ತೆಗೆದು ನೋಡಿದೆ. 1940, 1962, 1968, 1990. ನಡುವೆ ಬೇರೆ ಇಲ್ಲ.

1940 ಆಗಲಿಕ್ಕಿಲ್ಲ. ಇನ್‌ಲ್ಯಾಂಡ್ ಲೆಟರ್ ನಮ್ಮಲ್ಲಿ ಶುರುವಾದದ್ದೇ 1950ರ ಅಕ್ಟೋಬರ್ 2ರಂದು. 1990 ಕೂಡ ಅಲ್ಲ, ಯಾಕೆಂದರೆ ವಿಳಾಸದ ಕೆಳಗೆ ಪಿನ್ ಕೋಡಿನ ಆರು ಚೌಕಗಳು ಇಲ್ಲ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಕತ್ತರಿಸಿದ್ದು ಮೇಲಿನ ಮೂಲೆ, ಚೌಕಗಳು ಇರಬೇಕಾದದ್ದು ಕೆಳಗೆ, ಆ ಭಾಗ ಪೂರ್ತಿ ಇದೆ. ಉಳಿದದ್ದು 1962 ಮತ್ತು 1968.

ಇವೆರಡರ ನಡುವೆ ತೀರ್ಮಾನ ಮಾಡಲು ಕಾಗದದೊಳಗೇ ಎರಡು ಸುಳಿವು ಉಂಟು. ಒಂದು, ಬಸ್ಸಿನ ಖರ್ಚು ಬರೆಯುವಾಗ '75 ನ.ಪೈ.' ಎಂದಿದ್ದಾರೆ. ಅದು ನಯಾ ಪೈಸೆ. 1957ರ ಏಪ್ರಿಲ್ 1ಕ್ಕೆ ಬಂತು, 1964ರ ಜೂನ್ 1ರಿಂದ 'ನಯಾ' ಬಿದ್ದು ಹೋಗಿ ಬರೇ ಪೈಸೆ ಆಯಿತು. (ಎಂಟಾಣೆ, ನಾಲ್ಕಾಣೆ ಅಂತ ಬರೆದಿದ್ದರೆ ಅದನ್ನು ನಂಬಿ ವರ್ಷ ಹೇಳಬೇಡಿ. ಆ ಮಾತನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಬಿಟ್ಟಿಲ್ಲ.) ಅಭ್ಯಾಸ ಬಲದಿಂದ 1965ರಲ್ಲೂ ಒಬ್ಬರು ನ.ಪೈ. ಬರೆದಾರು, 1968ರ ತನಕ ಎಳೆಯುವುದು ಕಷ್ಟ.

ಎರಡನೆಯದು ನೀವು 'ಈ ಸಾಲು ಅರ್ಥ ಆಗಲಿಲ್ಲ' ಎಂದು ಕೇಳಿದ್ದೇ. 'ಅಕ್ಕನ ಮದುವೆ ಮಾತು ಫೆಬ್ರವರಿ ಮೊದಲ ವಾರ ಕಳೆದ ಮೇಲೆ ಸಾಕು ಅಂತ ಅಮ್ಮನ ಹಠ, ಲೋಕ ಉಳಿದರೆ ನೋಡುವ.' ನೀವು ಇದನ್ನು ಮನೆಜಗಳ ಅಂದುಕೊಂಡಿರಿ. ಇದು ಅಷ್ಟಗ್ರಹ ಮಾರಾಯ್ರೆ! 1962ರ ಫೆಬ್ರವರಿ 3ರಿಂದ 5ರವರೆಗೆ ಮಕರ ರಾಶಿಯಲ್ಲಿ ಎಂಟು ಗ್ರಹ ಸೇರುತ್ತದೆ, ಪ್ರಳಯ ಆಗುತ್ತದೆ ಅಂತ ದೇಶವಿಡೀ ಹೆದರಿ ಹೋಮ, ಭಜನೆ ಮಾಡಿತ್ತು. ನಮ್ಮ ಅಜ್ಜಿ ಆ ಮೂರು ದಿನ ಮಕ್ಕಳನ್ನು ಅಂಗಳಕ್ಕೂ ಬಿಟ್ಟಿರಲಿಲ್ಲವಂತೆ. 'ಲೋಕ ಉಳಿದರೆ ನೋಡುವ' ಅಂತ ಬರೆದ ಹುಡುಗ ಸ್ವಲ್ಪ ಕುಶಾಲಿನವನೇ ಇರಬೇಕು. ನನ್ನ ಲೆಕ್ಕದಲ್ಲಿ ಕಾಗದ 1962ರದ್ದು.

ಒಂದು ಎಚ್ಚರಿಕೆ. ಮೇಲಿನ ಅಂಚಿನಲ್ಲಿ ಸಂವತ್ಸರದ ಹೆಸರು ಇದೆ, 'ಪ್ಲವ' ಅಂತ ಕಾಣುತ್ತದೆ, ಮುಂದೆ ಹರಿದಿದೆ. ಅದನ್ನು ನೋಡಿ ಒಬ್ಬರು 'ಪ್ಲವ ಅಂದರೆ 1961-62, ಮುಗಿಯಿತು' ಎಂದಿದ್ದಾರೆ. ಮುಗಿಯಲಿಲ್ಲ. 1967-68 'ಪ್ಲವಂಗ'! ಹರಿದ ಜಾಗದಲ್ಲಿ 'ಂಗ' ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಎರಡು ವರ್ಷದಲ್ಲೂ ಅದೇ ಗುರುವಾರ, ಅದೇ ಪ್ಲವ. ಇಂಥ ಕಡೆಯೇ ನಾವು ಮುಗ್ಗರಿಸುವುದು.

ಇನ್ನು ವ್ಯಕ್ತಿ. ನೀವು ಒಂದು ತಿಂಗಳಿಂದ ಸಹಿಯ ಹಿಂದೆ ಬಿದ್ದಿದ್ದೀರಿ. ಅಲ್ಲೇ ತಪ್ಪಿದ್ದು. ಕಾಗದ ಬರೆದವನ ಹತ್ತಿರ ಉಳಿಯುವುದಿಲ್ಲ, ಅದು ಯಾರಿಗೆ ಹೋಯಿತೋ ಅವರ ಮನೆಯಲ್ಲಿ ಉಳಿಯುತ್ತದೆ. ಪುಸ್ತಕ ಬಂದದ್ದೂ ಹೆಚ್ಚಾಗಿ ಆ ಮನೆಯಿಂದಲೇ. ಹಾಗಾಗಿ ಅಳಿಯ ಯಾರೆಂದು ಹುಡುಕುವ ಬದಲು ಮಾವನ ಮನೆ ಹುಡುಕಿ. ಮಾವ ಸಿಕ್ಕಿದರೆ ಅಳಿಯನ ಹೆಸರು ಆ ಮನೆಯ ಯಾವ ಮಗುವೂ ಹೇಳುತ್ತದೆ.

ಒಕ್ಕಣೆಯನ್ನೂ ಸುಮ್ನೆ ದಾಟಿ ಹೋಗಬೇಡಿ. ಹಳೇ ಕಾಗದದಲ್ಲಿ ಸಂಬಂಧ ಅಲ್ಲೇ ಕೂತಿರುತ್ತದೆ. ತಂದೆಗೆ ಬರೆದರೆ ಬರೇ 'ತೀರ್ಥರೂಪ'. 'ಸಮಾನರಾದ' ಅಂತ ಸೇರಿದರೆ ತಂದೆಯಲ್ಲ, ತಂದೆಯ ಜಾಗದಲ್ಲಿರುವ ಹಿರಿಯರು. 'ಮಾತೃಶ್ರೀ ಸಮಾನರಾದ' ಕೂಡ ಹಾಗೇ. 'ಚಿರಂಜೀವಿ' ಇದ್ದರೆ ಕಿರಿಯರಿಗೆ, 'ಗಂಗಾಭಾಗೀರಥಿ ಸಮಾನರಾದ' ಇದ್ದರೆ ಗಂಡ ತೀರಿಕೊಂಡ ಹಿರಿಯ ಹೆಂಗಸಿಗೆ. ನಿಮ್ಮ ಕಾಗದದಲ್ಲಿ ಮಾವ ಅಂದರೆ ಹೆಂಡತಿಯ ಅಪ್ಪನೂ ಆಗಬಹುದು, ಅಮ್ಮನ ಅಣ್ಣನೂ ಆಗಬಹುದು. ನನಗೆ ಎರಡನೆಯದೇ ಸರಿ ಕಾಣುತ್ತದೆ. ಹೆಂಡತಿಯ ಸುದ್ದಿ ಒಂದು ಅಕ್ಷರ ಇಲ್ಲ. ಅಮ್ಮ, ಅಕ್ಕ, ಗದ್ದೆ, 'ಎರಡು ಮುಡಿ ಗೇಣಿ ಅಕ್ಕಿ ಇನ್ನೂ ಬರಲಿಲ್ಲ', ಬರೇ ಇದೇ. (ಬಯಲುಸೀಮೆಯವರಿಗಾಗಿ: ಒಂದು ಮುಡಿ ಅಂದರೆ 42 ಸೇರು, ಬೈಹುಲ್ಲಿನಲ್ಲಿ ಉಂಡೆ ಕಟ್ಟಿ ಇಡುತ್ತಿದ್ದರು.) ಅಳಿಯಕಟ್ಟಿನ (ಅಳಿಯಸಂತಾನ, ಅಂದರೆ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಸಾಗುವ ಪದ್ಧತಿಯ) ಮನೆಯಾಗಿದ್ದರೆ ಅಮ್ಮನ ಅಣ್ಣನೇ ಯಜಮಾನ, ಗೇಣಿಯ ಲೆಕ್ಕ ಅವರಿಗೇ ಒಪ್ಪಿಸಬೇಕು. ಕಾಗದದಲ್ಲಿ ಎಲ್ಲಾದರೂ 'ಕವರು' ಎನ್ನುವ ಮಾತು ಉಂಟೋ ನೋಡಿ. ಅದು ಲಕೋಟೆಯಲ್ಲ, ಅಳಿಯಸಂತಾನ ಕುಟುಂಬದ ಕವಲು. ಸಿಕ್ಕಿದರೆ ನನ್ನ ಊಹೆ ಗಟ್ಟಿ.

ಇನ್ನು ಪುಸ್ತಕ. ಮೊದಲ ಪುಟದಲ್ಲಿ ಮಂಗಳೂರಿನ ಒಂದು ಹಾಸ್ಟೆಲಿನ ಕೋಣೆ ನಂಬರ್ ಮತ್ತು '1979' ಇದೆ ಎಂದಿರಿ. 1962ರ ಕಾಗದ, 1979ರ ಹಾಸ್ಟೆಲ್ ಹುಡುಗ ಅಥವಾ ಹುಡುಗಿ. ಪುಸ್ತಕವೂ ಕಾಗದವೂ ಮೊದಲಿಂದಲೇ ಜೊತೆಗಿದ್ದವಾ, ಅಥವಾ ಗುಜರಿಯವನ ಗೋಣಿಯಲ್ಲಿ ಸೇರಿಕೊಂಡವಾ? ಅದಕ್ಕೇ ನಾನು ಪುಟ ಕೇಳಿದ್ದು. ಆ ಎರಡು ಪುಟಗಳನ್ನು ತೆರೆದು ಕಿಟಕಿಯ ಬೆಳಕಿನಲ್ಲಿ ನೋಡಿ. ಕಾಗದ ಹತ್ತಾರು ವರ್ಷ ಒಂದೇ ಕಡೆ ಕೂತಿದ್ದರೆ ಅದರ ಅಳತೆಗೆ ಸರಿಯಾಗಿ ಪುಟದ ಮೇಲೆ ಕಂದು ನೆರಳು ಬಿದ್ದಿರುತ್ತದೆ. ಅಗ್ಗದ ಕಾಗದದ ಆಮ್ಲ ಪಕ್ಕದ ಪುಟವನ್ನು ನಿಧಾನಕ್ಕೆ ಸುಡುವುದರಿಂದ ಹಾಗೆ. ಕತ್ತರಿಸಿದ ಮೂಲೆಯ ಜಾಗದಲ್ಲಿ ನೆರಳೂ ಕತ್ತರಿಸಿದ್ದರೆ ಕಾಗದ ಒಳಗೆ ಹೋಗುವ ಮೊದಲೇ ಚೀಟಿ ಹೋಗಿತ್ತು ಎಂದರ್ಥ. ನೆರಳೇ ಇಲ್ಲದಿದ್ದರೆ ಪುಸ್ತಕದ ಹಾಸ್ಟೆಲನ್ನು ನಂಬಬೇಡಿ, ಕಾಗದ ಹೊಸದಾಗಿ ಸೇರಿದ್ದಿರಬಹುದು.

ಕಾಗದದ ಹಿಂಬದಿಯಲ್ಲಿ ಅರ್ಧಚಂದ್ರದ ಹಾಗೆ ಕಪ್ಪು ಗೆರೆ ಕಾಣುತ್ತದೆ. ಕೊಳೆ ಅಂದುಕೊಂಡು ರಬ್ಬರ್ ಹಾಕಿಬಿಟ್ಟೀರಿ ಮತ್ತೆ! ಅದು ತಲುಪಿದ ಅಂಚೆ ಕಚೇರಿಯ ಮುದ್ರೆ. ಚೀಟಿಯ ಮೇಲಿದ್ದ ಮುದ್ರೆ ಉಡುಪಿಯದ್ದು, ಅದು ಚೀಟಿಯ ಜೊತೆ ಹೋಯಿತು. ಆದರೆ ನಮಗೆ ಬೇಕಾದದ್ದು ಇದೇ, ಹಿಂದಿನದ್ದು. ಫೋನನ್ನು ನೇರ ಮೇಲೆ ಹಿಡಿದು, ಸ್ಪಷ್ಟವಾದ ಒಂದು ಫೋಟೋ ತೆಗೆದು, ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ. ಊರಿನ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಸಿಕ್ಕಿದರೂ ಸಾಕು, ಕಾರ್ಕಳದ ಸುತ್ತಿನ ಅಂಚೆ ಕಚೇರಿಗಳ ಪಟ್ಟಿ ಹಿಡಿದು ಹೊಂದಿಸಬಹುದು. ಆಗದಿದ್ದರೆ ಮಂಗಳೂರಿನ ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿನ ಕಡೆ ಬರುವ ಅಂಚೆಚೀಟಿ ಸಂಗ್ರಹದ ಹಿರಿಯರಿಗೆ ತೋರಿಸಿ. ಹಳೇ ಮುದ್ರೆ ಓದುವುದರಲ್ಲಿ ಅವರ ಕಣ್ಣೇ ಬೇರೆ.

ಆಮೇಲೆ ಆ ಊರಿಗೆ ಹೋಗಿ. ಇಂಟರ್‌ನೆಟ್ಟಿನಲ್ಲಿ '...ಬೆಟ್ಟು' ಅಂತ ಹುಡುಕಿದರೆ ನೂರಾರು ಬರುತ್ತದೆ. ಬೈಲು, ಮಜಲು, ಬೆಟ್ಟು ಅಂತ ಗದ್ದೆಯ ತರಗತಿಯೇ ನಮ್ಮಲ್ಲಿ ಅರ್ಧ ಮನೆಗಳ ಹೆಸರು. ಆದರೆ ಒಂದು ಊರಿನ ಪೋಸ್ಟ್‌ಮ್ಯಾನ್ ತಲೆಯಲ್ಲಿ ಅಂಥವು ಮೂರೋ ನಾಲ್ಕೋ ಇರುತ್ತವೆ. ಬೆಳಿಗ್ಗೆ ಟಪಾಲು ವಿಂಗಡಿಸುವ ಹೊತ್ತಿಗೆ ಹೋಗಬೇಡಿ, ಮಧ್ಯಾಹ್ನ ಹೋಗಿ. ನಿವೃತ್ತರಾದ ಪೋಸ್ಟ್‌ಮ್ಯಾನ್ ಯಾರಾದರೂ ಇದ್ದಾರಾ ಅಂತ ಮೊದಲು ಕೇಳಿ. ನಾನು ಹಿಂದೊಮ್ಮೆ ಉಡುಪಿಯ ಗುಜರಿಯಲ್ಲಿ ಸಿಕ್ಕಿದ ಬೊಂಬಾಯಿ ಕಾಗದ ಹಿಡಿದುಕೊಂಡು ಆರು ತಿಂಗಳು ಮಾಟುಂಗದ ಹೋಟೆಲುಗಳಿಗೆ ಫೋನ್ ಮಾಡಿದ್ದೆ, ಕಳಿಸಿದವರ ವಿಳಾಸದಲ್ಲಿ 'ಬೊಂಬಾಯಿ-19', ಅಂದರೆ ಮಾಟುಂಗದ ಅಂಚೆ ವಲಯ, ಇತ್ತೆಂದು. ಬರೆದವರನ್ನು ಹುಡುಕುವ ಅದೇ ತಪ್ಪು. ಕೊನೆಗೆ ಕಾಗದ ಬಂದು ತಲುಪಿದ್ದ ಹಳ್ಳಿಗೆ ಹೋದೆ. ಅಂಚೆ ಕಚೇರಿಯ ಎದುರಿನ ಗೂಡಂಗಡಿಯಲ್ಲಿ ಕೂತಿದ್ದ ಒಬ್ಬರು ಮನೆ ಹೆಸರು ಕೇಳಿದ್ದೇ 'ಹ್ಞಾ, ಅವರಿಗೆ ತಿಂಗಳ ಐದನೇ ತಾರೀಕಿಗೆ ಮನಿಯಾರ್ಡರ್ ಬರುತ್ತಿತ್ತು' ಎಂದರು. ನಲವತ್ತು ವರ್ಷ ಸೈಕಲ್ ತುಳಿದ ಮನುಷ್ಯ. ಹತ್ತು ನಿಮಿಷದಲ್ಲಿ ನಾನು ಆ ಮನೆಯ ಜಗಲಿಯಲ್ಲಿದ್ದೆ.

ಅಲ್ಲಿ ಇನ್ನೊಂದು ಪಾಠವೂ ಆಯಿತು. ನಾನು ಖುಷಿಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದಲು ಶುರು ಮಾಡಿದೆ. ಮೂರನೇ ಸಾಲಿಗೆ ಆ ಮನೆಯ ಹೆಂಗಸು 'ಸಾಕು, ಕೊಡಿ' ಅಂದರು. ಅದರಲ್ಲಿ ಒಂದು ಸಾಲದ ವಿಷಯ ಇತ್ತು, ಮೊಮ್ಮಕ್ಕಳು ಎದುರೇ ಕೂತಿದ್ದರು. ಕಾಗದ ಕೊಟ್ಟು, ಕಾಫಿ ಕುಡಿದು ಬಂದೆ. ಹಾಗಾಗಿ ನಿಮ್ಮಲ್ಲೂ ಕೇಳಿಕೊಳ್ಳುವುದು: ಮೂರನೇ ಫೋಟೋದಲ್ಲಿ ಅಕ್ಕನ ಹೆಸರು, ಗಂಡಿನ ಕಡೆಯ ಮನೆ ಹೆಸರು ಎಲ್ಲ ಕಾಣುತ್ತದೆ. ಅದನ್ನು ಇವತ್ತೇ ತೆಗೆದು ಹೆಸರು ಮುಚ್ಚಿ ಹಾಕಿ. ಆ ಅಕ್ಕ ಎಲ್ಲೋ ಎಂಬತ್ತು ದಾಟಿ ಹಾಯಾಗಿ ಇದ್ದಿರಬಹುದು. ಕುಟುಂಬ ಸಿಕ್ಕಿ, ಅವರಿಗೆ ಬೇಡವೆಂದರೆ ಆಮೇಲೆ ಸಂಗ್ರಹಗಳ ಮಾತು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರವೋ, ಮಂಗಳೂರು ಬಲ್ಮಠದ ಕೆಟಿಸಿ (ಕರ್ನಾಟಕ ಥಿಯಾಲಾಜಿಕಲ್ ಕಾಲೇಜು) ಪತ್ರಾಗಾರವೋ, ಅಲ್ಲಿ ಕೇಳಿ ನೋಡಬಹುದು. ಮೊದಲೇ ಅಲ್ಲಿಗೆ ಓಡಬೇಡಿ.

ಈಗ ಒಂದು ಕೆಲಸ ಇವತ್ತೇ ಮಾಡಿ. 'ಪರ್ಯಾಯ' ಶಬ್ದಕ್ಕಿಂತ ಮೊದಲು ಒಂದು ಶಬ್ದ ಮಡಚಿದ ಗೆರೆಯ ಮೇಲೆ ಬಿದ್ದು ಸವೆದು ಹೋಗಿದೆ. ಅದು ಮಠದ ಹೆಸರೇ ಇರಬೇಕು. ಎಂಟು ಮಠಗಳ ಸರದಿ ಹದಿನಾರು ವರ್ಷಕ್ಕೆ ಒಂದು ಸುತ್ತು. 1962ರಲ್ಲಿ ಶಿರೂರು, 1968ರಲ್ಲಿ ಪೇಜಾವರ. ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ಮೇಜಿಗೆ ತಾಗಿಸಿ ಅಡ್ಡಕ್ಕೆ ಹಿಡಿಯಿರಿ. ಶಾಯಿ ಹೋಗಿದ್ದರೂ ನಿಬ್ಬು ಒತ್ತಿದ ಗುಳಿ ನೆರಳಾಗಿ ಎದ್ದು ಕಾಣುತ್ತದೆ. 'ಶಿ' ಇದೆಯೋ 'ಪೇ' ಇದೆಯೋ ನೋಡಿ ಹೇಳಿ. ನಾನು 'ಶಿ' ಮೇಲೆ ಒಂದು ಪ್ಲೇಟ್ ಗೋಳಿಬಜೆ ಕಟ್ಟಿದ್ದೇನೆ.